ಬಾಡಿಗೆ ಉಸಿರು

ರೆಕಾರ್ಡ್ ಕಂಪನಿಯವರು ಅಕ್ಕನ ಉಸಿರನ್ನು ಆಲ್ಬಮ್ಮಿನಿಂದ ಅಳಿಸಿ, ಆ ಜಾಗಕ್ಕೆ ಬಾಡಿಗೆ ನಟಿಯೊಬ್ಬಳ ಉಸಿರನ್ನು ಹಾಕಿದರು. ಹಾಡು ಕಟ್ಟಿದ ತಂಗಿಯನ್ನು ಕೇಳಲಿಲ್ಲ. ಅಕ್ಕನನ್ನಂತೂ ಕೇಳಲೇ ಇಲ್ಲ.

ಆಲ್ಬಮ್ಮಿಗೆಲ್ಲ ಒಂದೇ ಕಥೆ. ಭೂಮಿ ಬಿಟ್ಟು ಹೊರಟ ಆಕಾಶನೌಕೆಯಲ್ಲಿ ಗಾಳಿ ಕಡಿಮೆಯಾಗುತ್ತದೆ. ಮೇಲಂತಸ್ತಿನವರು ಕೆಳಗಿನವರ ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯುತ್ತಾರೆ. ಕೊನೆಯ ಹಾಡಿನ ಹೊತ್ತಿಗೆ ಕೆಳಗೆ ಉಳಿದವಳು ಒಬ್ಬಳೇ. ಅವಳಿಗೆ ಮಾತಿಲ್ಲ, ಗಿಟಾರ್ ಇಲ್ಲ, ಅಕ್ಕನ ಉಸಿರು ಮತ್ತು ಡ್ರಮ್ಮು ಮಾತ್ರ.

ಇದನ್ನು ಬರೆಯಲು ತಂಗಿ ನಕ್ಷತ್ರ ನೋಡಬೇಕಾಗಿರಲಿಲ್ಲ. ಅಕ್ಕ ದುಡಿಯುತ್ತಿದ್ದ ಬಣ್ಣದ ಕಾರ್ಖಾನೆಯಲ್ಲಿ ವಿಷದ ಹೊಗೆ ಎದ್ದ ದಿನ ಬಾಗಿಲಿಗೆ ಹೊರಗಿನಿಂದ ಬೀಗವಿತ್ತು. ಅವಳ ಶ್ವಾಸಕೋಶ ಹುಟ್ಟಿನಿಂದಲೇ ಕೆಟ್ಟಿತ್ತು ಎಂದು ಕಾರ್ಖಾನೆಯವರು ಕೈ ತೊಳೆದುಕೊಂಡರು. ಕಾರ್ಖಾನೆಯ ಯಜಮಾನನ ತಮ್ಮನೇ ಈ ರೆಕಾರ್ಡ್ ಕಂಪನಿಯ ಯಜಮಾನ ಎಂಬುದು ಗೊತ್ತಾಗಿದ್ದು ಹಾಡೆಲ್ಲ ಮುಗಿದ ಮೇಲೆ.

ರೆಕಾರ್ಡಿಂಗಿನ ದಿನ ಅಕ್ಕ ಮೈಕಿನ ಮುಂದೆ ಕೂತು ನಕ್ಕಿದ್ದಳು. "ಸ್ಕೂಲಲ್ಲಿ ನನ್ನ ದನಿ ಕೇಳಿ... ಹಿಂದಿನ ಸಾಲಿಗೆ ತಳ್ತಿದ್ರು ಕಣೆ. ಈಗ ನೋಡು... ಸುಮ್ನೆ ಉಸಿರಾಡಿದ್ರೂ ಹಾಡಂತೆ!"

ಕದ್ದವರು ಒಂದು ಎಡವಟ್ಟು ಮಾಡಿಕೊಂಡಿದ್ದರು. ಉಸಿರನ್ನು ಬರೀ ಅಲಂಕಾರ ಅಂದುಕೊಂಡಿದ್ದರು. ಮೋಟು ಎಂಬ ಡ್ರಮ್ಮರ್ ಹೆಡ್‌ಫೋನಿನಲ್ಲಿ ಅಕ್ಕನ ಉಸಿರನ್ನೇ ತಾಳವಾಗಿ ಹಿಡಿದು ಬಾರಿಸಿದ್ದ. ಅವಳ ಉಸಿರು ಸಿಕ್ಕಿಕೊಂಡಲ್ಲಿ ಅವನ ಕೋಲೂ ಗಾಳಿಯಲ್ಲೇ ನಿಂತಿತ್ತು. ನಟಿಯ ಉಸಿರೋ, ಮೆಟ್ಟಿಲು ಹತ್ತಿ ಬಂದವರ ಏದುಸಿರು. ಅದರ ಪಕ್ಕದಲ್ಲಿ ಡ್ರಮ್ಮು ಕುಂಟತೊಡಗಿತು.

ಬಿಡುಗಡೆಗೆ ಮೊದಲು ಎಲ್ಲರೂ ಸ್ಟುಡಿಯೋದಲ್ಲಿ ಕೂತು ಕೇಳಿದಾಗ ಇದು ಬಯಲಾಯಿತು.

"ಏನಯ್ಯಾ ಮೋಟು, ಕುಡಿದು ಬಾರಿಸಿದ್ಯಾ?" ಎಂದ ಕಂಪನಿಯ ಮ್ಯಾನೇಜರ್.

"ನಾನು ಸರಿಯಾಗೇ ಬಾರ್ಸಿದೀನಿ ಸಾರ್. ಇಲ್ಲಿ ಉಸಿರಾಡ್ತಿರೋಳಿಗೇ ಸರಿಯಾಗಿ ಸಾಯೋಕೆ ಬರ್ತಿಲ್ಲ."

ತಂಗಿ ಎದ್ದು ನಿಂತಳು. "ಯಾರದ್ದು ಇದು? ನಮ್ಮಕ್ಕನ ಉಸಿರು ಎಲ್ಲಿ?"

ಮ್ಯಾನೇಜರನ ದನಿ ಬೆಣ್ಣೆಯಾಯಿತು. "ಕೂಗಾಡ್ಬೇಡಮ್ಮ. ವಾಪಸ್ ಹಾಕ್ತೀವಿ. ಶುರುವಲ್ಲಿ ನಿನ್ನ ಬಾಯಲ್ಲೇ ಒಂದು ಮಾತು ಬೇಕು, ಅಷ್ಟೆ. ಇದೆಲ್ಲ ಬರೀ ಕಲ್ಪನೆ, ಕೇಳಿಸೋ ಉಸಿರು ನಟಿಯದು ಅಂತ."

"ಇಲ್ಲಾಂದ್ರೆ?"

"ಆಲ್ಬಮ್ ಕಪಾಟಲ್ಲೇ ಕೊಳೆಯತ್ತೆ. ಹಾಡೆಲ್ಲ ಕಂಪನಿದು, ಬೇರೆಲ್ಲೂ ಹಾಡೋ ಹಾಗಿಲ್ಲ." ಅವನು ಸೋಫಾದ ಕಡೆ ತಿರುಗಿದ. ಅಲ್ಲಿ ಅಕ್ಕ ಆಕ್ಸಿಜನ್ ಸಿಲಿಂಡರನ್ನು ಕಾಲಿಗೆ ಒರಗಿಸಿಕೊಂಡು ಕೂತಿದ್ದಳು. "ದೊಡ್ಡವರು ನೀವಾದ್ರೂ ಬುದ್ಧಿ ಹೇಳಿ."

ಅಕ್ಕ ಮಾಸ್ಕನ್ನು ಸರಿಸಿದಳು. "ನನಗೆ... ಅಷ್ಟುದ್ದ ಮಾತಾಡೋಕೆ... ಉಸಿರಿಲ್ಲ ಸ್ವಾಮಿ. ನಿಮ್ಮ ನಟಿನ ಕೇಳಿ."

ಮೋಟು ಕಿಸಕ್ಕನೆ ನಕ್ಕ. ಮ್ಯಾನೇಜರನ ದನಿಯಲ್ಲಿದ್ದ ಬೆಣ್ಣೆ ಮಾಯವಾಯಿತು. ಅವನು ತಂಗಿಯ ಕಡೆ ತಿರುಗಿದ. "ನಾಟಕ ಸಾಕು. ಮೈಕಿನ ಮುಂದೆ ನಡಿ!"

ತಂಗಿ ಗಾಜಿನ ಕೋಣೆಯೊಳಕ್ಕೆ ಹೋದಳು. ಕೆಂಪು ದೀಪ ಹತ್ತಿತು. ಆಚೆಯಿಂದ ಅವನು ಬೆರಳು ಅಲ್ಲಾಡಿಸಿದ.

"ಹೇಳು."

ಅವಳು ಹೆಡ್‌ಫೋನನ್ನು ತೆಗೆದು ಸ್ಟ್ಯಾಂಡಿಗೆ ನೇತುಹಾಕಿ ಮೈಕಿಗೆ ಬಾಯಿ ಹತ್ತಿರ ತಂದಳು.

"ಹೇಳಲ್ಲ. ಕಪಾಟಲ್ಲೇ ಇಟ್ಕೊಳ್ಳಿ. ಹೊರಗಿನಿಂದ ಬೀಗ ಹಾಕೋದು ನಿಮ್ಮ ಯಜಮಾನರ ಮನೆತನಕ್ಕೆ ಹೊಸದೇನಲ್ಲವಲ್ಲ."