ಒಂದೇ ಚೊಂಬು ನೀರಿಗೆ

ರುಕ್ಮಿಣಮ್ಮನಿಗೆ ಅನುಮಾನ ಬರಲು ಕಾರಣವೇ ಬೇಕಾಗಿರಲಿಲ್ಲ. ಹಾಲು ತೆಳ್ಳಗಿದ್ದರೆ ಹಸುವಿನ ಮೇಲೆ ಅನುಮಾನ, ಗಟ್ಟಿಯಾಗಿದ್ದರೆ ಕರೆದವಳ ಮೇಲೆ. ತನ್ನೂರು ಸಂಸೆಗೆ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೂ ಡ್ರೈವರ್ ಏನೋ ಮುಚ್ಚಿಡುತ್ತಿದ್ದಾನೆ ಎನ್ನುವ ಹೆಂಗಸು. ಇಂಥವಳು ಕಣ್ಣುಮುಚ್ಚಿ ನಂಬಿದ್ದು ಭೂಮಿಯ ಮೇಲೆ ಒಂದೇ ಜೀವವನ್ನು, ತನ್ನ ನಾಯಿ ಜಾಕಿಯನ್ನು. ಗಂಡ ಶಂಕರಯ್ಯನಿಗೂ ಆ ಭಾಗ್ಯ ಇರಲಿಲ್ಲ. ಅವನು ಅದಕ್ಕಾಗಿ ಬೇಸರ ಮಾಡಿಕೊಂಡವನೂ ಅಲ್ಲ.

ತೊಂಬತ್ತಾರನೇ ಇಸವಿಯಲ್ಲಿ ದಸರಾ ಕಳೆದರೂ ಮಳೆ ಹಿಡಿದ ಹಟ ಬಿಟ್ಟಿರಲಿಲ್ಲ. ಜಾಕಿಯ ಕುತ್ತಿಗೆಯಲ್ಲಿದ್ದ ಚರ್ಮದ ಪಟ್ಟಿ ನೀರು ಕುಡಿದು ಕುಡಿದು ಬೂಸ್ಟು ಹಿಡಿದು, ಅದರಡಿ ರಕ್ತ ಹೀರುವ ಉಂಬಳ ಸೇರಿಕೊಂಡು, ಕುತ್ತಿಗೆ ಸುತ್ತ ರೋಮ ಉದುರಿ ಹುಣ್ಣಾಯಿತು. ವಾಸನೆಗೆ ಜಗುಲಿಯಲ್ಲಿ ಕೂರುವಂತಿರಲಿಲ್ಲ. ಕಳಸದ ದನದ ಡಾಕ್ಟರು ಮುಲಾಮು ಕೊಟ್ಟು, "ಮೊದಲು ಈ ಚರ್ಮ ಬಿಸಾಕಿ ಅಮ್ಮ. ನೀರು ಹಿಡಿಯದೇ ಇರೋ ಪಟ್ಟಿ ಹಾಕಿ, ದಿನಾ ತೊಳೀರಿ" ಎಂದರು. ಮುಲಾಮು ಮಾರುವವರು ಚರ್ಮವನ್ನು ಬೈಯುವುದರಲ್ಲಿ ಏನೋ ಇದೆ ಎಂದು ರುಕ್ಮಿಣಮ್ಮನಿಗೆ ಅನಿಸಿತು. ಆದರೂ ಕಳಸದಲ್ಲೇ ಜೀಪಿನ ಸೀಟು ಹೊಲಿಯುವ ರಜಾಕನ ಅಂಗಡಿಗೆ ಹೋದಳು.

ರಜಾಕ್ ಮೂರು ತುಂಡು ತೆಗೆದಿಟ್ಟ. ಒಂದು ಸೀಟಿಗೆ ಹಾಕುವ ರೆಕ್ಸಿನ್. ಇನ್ನೊಂದು ಮಂಚಕ್ಕೆ ನೇಯುವ ಹತ್ತಿಯ ನವಾರು. ಮೂರನೆಯದು ಲಾರಿ ಟಾರ್ಪಾಲಿಗೆ ಬಿಗಿಯುವ ನೈಲಾನ್ ಪಟ್ಟಿ, ಮೇಲೆಲ್ಲ ನೀಲಿ ಪ್ಲಾಸ್ಟಿಕ್ ಕುಡಿಸಿದ್ದು.

"ಇದು ತಗೊಳ್ಳಿ ಅಕ್ಕ. ಒಂದೇ ಚೊಂಬು ನೀರು ಹುಯ್ದರೆ ಸಾಕು, ಕನ್ನಡಿ ಆಗ್ತದೆ," ಎಂದು ನೀಲಿಯದನ್ನು ಮುಂದೆ ತಳ್ಳಿದ.

ಯಾವುದನ್ನು ಮುಂದೆ ತಳ್ಳುತ್ತಾರೋ ಅದರಲ್ಲೇ ಹುಳುಕು ಇರುತ್ತದೆ ಎಂಬುದು ರುಕ್ಮಿಣಮ್ಮನ ಲೆಕ್ಕ. ಮೂರನ್ನೂ ಸೆರಗಿಗೆ ಕಟ್ಟಿಕೊಂಡು ಮನೆಗೆ ತಂದಳು. ಬಚ್ಚಲ ಹಿಂದಿನ ಒಗೆಯುವ ಕಲ್ಲಿನ ಮೇಲೆ ಪರೀಕ್ಷೆ ಶುರುವಾಯಿತು. ಮೊದಲ ದಿನ ಸಗಣಿ ನೀರು, ಎರಡನೆಯ ದಿನ ಗಂಜಿ, ಮೂರನೆಯ ದಿನ ತೋಟದ ಕೆಂಪು ಮಣ್ಣು, ನಾಲ್ಕನೆಯ ದಿನ ಬರಿಯ ಮಳೆ.

"ಸೊಸೆ ಹುಡುಕುವಾಗ್ಲೂ ಇಷ್ಟು ನೋಡ್ಲಿಲ್ಲ ಮಾರಾಯ್ತಿ ನೀನು," ಎಂದ ಶಂಕರಯ್ಯ.

"ಅದಕ್ಕೇ ಹಂಗಾಗಿದ್ದು," ಎಂದಳು ರುಕ್ಮಿಣಮ್ಮ.

ಐದನೆಯ ದಿನ ರೆಕ್ಸಿನ್ನಿನ ಹಿಂಬದಿಯ ಬಟ್ಟೆಗೆ ಬಿಳಿ ಬೂಸ್ಟು ಬಂದಿತ್ತು. ನವಾರು ನೀರು ಕುಡಿದು ಹಾವಿನ ಮರಿಯಷ್ಟು ದಪ್ಪಗಾಗಿ ನಾರುತ್ತಿತ್ತು. ನೀಲಿ ಪಟ್ಟಿಗೆ ಒಂದು ಚೊಂಬು ನೀರು ಸುರಿದಳು. ಸಗಣಿ, ಗಂಜಿ, ಮಣ್ಣು ಎಲ್ಲ ಜಾರಿಹೋಗಿ ಅಂಗಡಿಯಿಂದ ಆಗ ತಂದಂತೆ ಕಂಡಿತು. ಮೂಸಿ ನೋಡಿದಳು. ಏನೂ ಇಲ್ಲ. ರಜಾಕ್ ಹೇಳಿದ್ದು ನಿಜವಾದದ್ದಕ್ಕೆ ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು.

ಹುಳುಕು ಸಿಕ್ಕಿದ್ದು ಆಮೇಲೆ. ರಜಾಕ್ ಕುತ್ತಿಗೆಗೊಂದು ಪಟ್ಟಿ, ಹಿಡಿದು ನಡೆಯಲು ಅದೇ ಪಟ್ಟಿಯದೊಂದು ಉದ್ದನೆಯ ಲೀಶು ಹೊಲಿದುಕೊಟ್ಟು, "ನೈಲಾನ್ ದಾರ ಮುಗಿದಿದೆ ಅಕ್ಕ. ಬಿಳಿ ಹತ್ತಿ ದಾರದಲ್ಲಿ ಹೊಲ್ದಿದೀನಿ. ಪಟ್ಟಿ ಏನೂ ಹಿಡಿಯಲ್ಲ, ದಾರ ಮಾತ್ರ ಹಿಡೀತದೆ. ಮುಂದಿನ ವಾರ ತನ್ನಿ, ಬಿಚ್ಚಿ ಬೇರೆ ಹಾಕಿಕೊಡ್ತೀನಿ" ಎಂದ. ಬಕ್ಕಲ್ ಹತ್ತಿರ ಪಟ್ಟಿ ಮಡಚಿದ ಒಳಬದಿಯಲ್ಲಿ ಆ ದಾರದ ಹೊಲಿಗೆ ಬೆಳ್ಳಗೆ ಕಾಣುತ್ತಿತ್ತು. ರುಕ್ಮಿಣಮ್ಮ ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ಸಂಸೆಗೆ ಬಂದು, ರಜಾಕ್ ಹತ್ತಿ ದಾರ ಹಾಕಿ ಮೋಸ ಮಾಡಿದ ಎಂದು ಬಸ್ಸು ನಿಲ್ಲುವಲ್ಲಿಂದ ಹಾಲಿನ ಡೈರಿವರೆಗೆ ಸಾರಿದಳು. ಮುಂದಿನ ವಾರ ತನ್ನಿ ಎಂದು ಅವನೇ ಹೇಳಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅಂದಿನಿಂದ ಜಾಕಿ ಹಗಲು ನೀಲಿ ಲೀಶಿನಲ್ಲಿ ಜಗುಲಿ ಕಂಬಕ್ಕೆ, ರಾತ್ರಿ ಕಾವಲಿಗೆ ಬಿಡಿಯಾಗಿ. ಬೆಳಿಗ್ಗೆ ಎದ್ದವಳೇ ಕಾಫಿಗೆ ನೀರಿಡುವ ಮೊದಲು ಜಾಕಿಯ ಕುತ್ತಿಗೆಗೆ ಒಂದು ಚೊಂಬು ನೀರು ಸುರಿದು, ಪಟ್ಟಿ ಫಳಫಳ ಹೊಳೆಯುವುದನ್ನು ನೋಡಿ ಸಂತೋಷಪಡುವುದು ಅವಳಿಗೆ ನಿತ್ಯದ ಕೆಲಸವಾಯಿತು. ಕೆಲವು ದಿನ ನೀರು ಕೆಂಪಗೆ ಇಳಿಯುತ್ತಿತ್ತು. ನಮ್ಮ ಊರಿನ ಮಣ್ಣೇ ಕೆಂಪಲ್ಲವೇ ಎಂದುಕೊಂಡಳು. ಹುಣ್ಣು ಮಾಯಿತು, ರೋಮ ಚಿಗುರಿತು.

ಆ ತಿಂಗಳಲ್ಲೇ ಪಕ್ಕದ ಎಸ್ಟೇಟಿನ ದೇವರಾಜನ ಕೋಳಿಗಳು ಸಾಯತೊಡಗಿದವು. ಸಾಮಾನ್ಯ ಕೋಳಿಗಳಲ್ಲ. ಹೆಬ್ಬಾಳದಿಂದ ಮರಿ ತರಿಸಿ ಸಾಕಿದ ಗಿರಿರಾಜ ತಳಿ. ಮೊದಲ ಸಲ ಮೂರು, ಎರಡನೆಯ ಸಲ ನಾಲ್ಕು, ಮೂರನೆಯ ಸಲ ಒಂದೇ ರಾತ್ರಿಗೆ ಒಂಬತ್ತು. ಮರುದಿನ ಬೆಳಿಗ್ಗೆ ದೇವರಾಜ ಲೈಸೆನ್ಸ್ ಕೋವಿಯನ್ನು ಹೆಗಲಿಗೇರಿಸಿಕೊಂಡು ರುಕ್ಮಿಣಮ್ಮನ ಅಂಗಳಕ್ಕೆ ಬಂದು ನಿಂತ.

"ಚಿರತೆ ಅಲ್ಲ ರುಕ್ಮಿಣಮ್ಮ. ನಾಯಿ ಹೆಜ್ಜೆ. ತಂತಿ ಬಲೆ ಹರಿದು ಕತ್ತು ತೂರಿಸಿ ಹಿಡಿದಿದೆ. ಬಲೆಗೆಲ್ಲ ರಕ್ತ. ಹಿಡಿದ ನಾಯಿ ಕುತ್ತಿಗೆಗೆ ರಕ್ತ ಮೆತ್ತದೇ ಇರಲ್ಲ. ಅದಕ್ಕೇ ಸುತ್ತಮುತ್ತ ನಾಯಿಗಳ ಕತ್ತು ನೋಡ್ತಾ ಬರ್ತಿದೀನಿ. ಸಿಕ್ಕಿದ್ದಕ್ಕೆ ಒಂದು ಗುಂಡು. ಕೋಳಿ ರುಚಿ ಹತ್ತಿದ ನಾಯಿ ಬಿಡಲ್ಲ."

"ನನ್ನ ಜಾಕೀನಾ?" ರುಕ್ಮಿಣಮ್ಮನ ಮೈಯೆಲ್ಲ ಉರಿಯಿತು. "ನೋಡಿ. ಕಣ್ಣು ಬಿಟ್ಟು ನೋಡಿ."

ಇನ್ನೂ ಕಂಬಕ್ಕೆ ಕಟ್ಟಿರದ ಜಾಕಿ ಬಾಲ ಆಡಿಸುತ್ತ ಬಂದಿತು. ಚೊಂಬಿನ ನೀರು ಬಿದ್ದು ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ನೀಲಿ ಪಟ್ಟಿ ಹೊಳೆಯುತ್ತಿತ್ತು. ದೇವರಾಜ ಬೆರಳಿನಲ್ಲಿ ಒಂದು ಸಲ ಸವರಿ, "ಛೆ ಛೆ, ನಿಮ್ಮ ನಾಯಿ ಅಲ್ಲ ಬಿಡಿ, ಗೊತ್ತಿತ್ತು" ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅನುಮಾನದ ಹೆಂಗಸಿಗೆ ಅವಮಾನವೂ ಸೇರಿದರೆ ಬಾಯಿ ಸುಮ್ಮನಿರುವುದಿಲ್ಲ.

"ಇಲ್ಲಿಗೆ ಬರೋದಕ್ಕೆ ಮುಂಚೆ ಆ ಬೆಳ್ಳಿಯಪ್ಪನ ಲೈನ್‌ಮನೆ ರಂಗಮ್ಮನ ನಾಯಿ ಕೆಂಚನ್ನ ನೋಡಿದ್ರಾ? ಅದರ ಕುತ್ತಿಗೆ ನೋಡಿ, ಆಮೇಲೆ ಮಾತಾಡಿ."

ನೋಡುವುದಕ್ಕೆ ತಾನೂ ಹೊರಟಳು. ರಂಗಮ್ಮ ಬೆಳ್ಳಿಯಪ್ಪನ ತೋಟದಲ್ಲಿ ಆಳು, ವಾಸ ಅಲ್ಲೇ ಆಳುಗಳ ಸಾಲುಮನೆಯಲ್ಲಿ. ಕೆಂಚನ ಕುತ್ತಿಗೆಯಲ್ಲಿ ಇದ್ದದ್ದು ಹಳೆಯ ಬಿಳಿ ಸೀರೆಯ ಅಂಚು ಹರಿದು ಹೊಸೆದ ಹಗ್ಗ. ಈಗ ಬಿಳಿ ಎಲ್ಲೂ ಇರಲಿಲ್ಲ. ಉದ್ದಕ್ಕೂ ಗಾಢ ಕೆಂಪು ಕಲೆ.

ದೇವರಾಜ ಕೋವಿಯನ್ನು ಹೆಗಲಿಂದ ಇಳಿಸಿದ.

"ಅದು ರಕ್ತ ಅಲ್ಲ ಅಯ್ಯಾ, ಚೊಗರು, ಅಡಿಕೆ ಬೇಯ್ಸಿದ ಕೆಂಪು ನೀರು!" ರಂಗಮ್ಮ ನಾಯಿಯ ಮುಂದೆ ಕೂತೇಬಿಟ್ಟಳು. "ಅಡಿಕೆ ಬೇಯ್ಸೋ ಹಂಡೆ ಪಕ್ಕ ಬೆಚ್ಚಗೆ ಮಲಗ್ತದೆ ಇದು. ಹಂಡೆ ಚೊಗರೆಲ್ಲ ಇದರ ಮೇಲೇ ಚೆಲ್ಲೋದು. ಬೆಳ್ಳಿಯಪ್ಪಯ್ಯನ್ನ ಕೇಳಿ ಬೇಕಾದ್ರೆ."

"ಬೆಳ್ಳಿಯಪ್ಪ ಧರ್ಮಸ್ಥಳಕ್ಕೆ ಹೋಗಿದಾನೆ, ನಿಂಗೂ ಗೊತ್ತು. ನಾನು ಈಗ ಕಳಸಕ್ಕೆ ಹೋಗಬೇಕು. ನಾಲ್ಕು ಗಂಟೆಗೆ ಬರ್ತೀನಿ. ನಾಯಿ ಕಟ್ಟಿ ಹಾಕಿರು. ಬಿಟ್ಟೆ ಅಂದ್ರೆ ನಿಂಗೆ ಇಲ್ಲಿ ಕೆಲಸ ಇಲ್ಲದ ಹಾಗೆ ಮಾಡ್ತೀನಿ," ಎಂದು ದೇವರಾಜ ಜೀಪು ಹತ್ತಿದ.

ರಂಗಮ್ಮ ಆ ಹಗ್ಗವನ್ನು ಬಿಚ್ಚಿ ರುಕ್ಮಿಣಮ್ಮನ ಕೈಗೆ ತುರುಕಿದಳು. "ನೀವೇ ಅಲ್ವಾ ಅಮ್ಮಾವ್ರೆ ಹೇಳಿದ್ದು? ನೀವೇ ತೊಳ್ದು ನೋಡಿ." ಕೆಂಚನನ್ನು ಕಟ್ಟಲು ಒಳಗಿಂದ ಬಾವಿಯ ಹಗ್ಗ ತಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

ರುಕ್ಮಿಣಮ್ಮ ಹಗ್ಗವನ್ನು ಮನೆಗೆ ತಂದದ್ದು ರಂಗಮ್ಮನ ಸುಳ್ಳನ್ನು ಸಾಬೀತು ಮಾಡುವುದಕ್ಕೆ, ಬೇರೇನಕ್ಕೂ ಅಲ್ಲ. ತಣ್ಣೀರಿಗೆ ಉಪ್ಪು ಹಾಕಿ ನೆನೆಸಿದಳು. ರಕ್ತವಾದರೆ ಬಿಡಬೇಕು. ಒಂದು ಗಂಟೆಯಾದರೂ ಕಲೆ ಅಲುಗಲಿಲ್ಲ. ಇರಲಿ, ಹಳೆಯ ರಕ್ತ ಗಟ್ಟಿಯಾಗಿದ್ದೀತು ಎಂದುಕೊಂಡು ಹಿತ್ತಲಿನಿಂದ ತುಕ್ಕು ಹಿಡಿದ ಕಬ್ಬಿಣದ ಬಾಣಲೆ ತಂದು, ಒದ್ದೆ ಹಗ್ಗವನ್ನು ಅದರಲ್ಲಿ ಹಾಕಿ ಸ್ವಲ್ಪ ನೀರು ಬಿಟ್ಟಳು. ಅಡಿಕೆ ಬೇಯಿಸುವ ಊರಿನ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಚೊಗರಿಗೆ ಕಬ್ಬಿಣ ತಾಗಿದರೆ ಮಸಿಯಾಗುತ್ತದೆ. ಅದಕ್ಕೇ ಅಡಿಕೆಗೆ ತಾಮ್ರದ ಹಂಡೆ.

ಊಟ ಮುಗಿಸಿ ಬಂದು ನೋಡಿದಾಗ ಬಾಣಲೆಯ ನೀರು ಕಪ್ಪಗಿತ್ತು. ಹಗ್ಗವೂ ಕಪ್ಪಗಿತ್ತು, ಶಾಯಿಯಲ್ಲಿ ಅದ್ದಿದ ಹಾಗೆ.

ರಂಗಮ್ಮ ನಿಜ ಹೇಳಿದ್ದಳು. ರುಕ್ಮಿಣಮ್ಮ ಬಾಣಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಹಾಗಾದರೆ ಯಾರ ನಾಯಿ? ಡೈರಿ ಹತ್ತಿರದ್ದು ಮುದಿ, ಹಲ್ಲಿಲ್ಲ. ದೇವರಾಜನದ್ದು ಸರಪಳಿ ಬಿಚ್ಚುವುದೇ ಇಲ್ಲ. ಒಂದೊಂದೇ ಮನೆಯ ಮೇಲೆ ಅನುಮಾನ ಹರಿಸುತ್ತ ಹೋದಂತೆ ಮನೆಗಳು ಮುಗಿದವು. ಆಗ, ಬೆಳಗಿನ ಗಡಿಬಿಡಿಯಲ್ಲಿ ಕಟ್ಟದೇ ಉಳಿದಿದ್ದ ಜಾಕಿ ಬಂದು ಅವಳ ಮೊಣಕಾಲ ಮೇಲೆ ತಲೆಯಿಟ್ಟಿತು.

ಪಟ್ಟಿ ಸ್ವಚ್ಛವಾಗಿತ್ತು. ತಾನೇ ತೊಳೆದದ್ದು. ದಿನಾ ತೊಳೆದದ್ದು. ಇವತ್ತು ಬೆಳಿಗ್ಗೆ ಇಳಿದ ನೀರಿನ ಬಣ್ಣ ಅವಳಿಗೆ ನೆನಪಾಯಿತು.

ದಾರ ಮಾತ್ರ ಹಿಡೀತದೆ ಎಂದಿದ್ದ ರಜಾಕ್.

ಬಕ್ಕಲ್ ಬಿಚ್ಚಿದಳು. ಮಡಿಕೆಯನ್ನು ಉಗುರಿನಲ್ಲಿ ಎಬ್ಬಿಸಿ ಒಳಗೆ ನೋಡಿದಳು. ಬಿಳಿ ದಾರ ಬಿಳಿಯಾಗಿರಲಿಲ್ಲ. ಇದೂ ಚೊಗರೇ ಇರಬಹುದು, ಇದೂ ಆ ಹಂಡೆಯ ಹತ್ತಿರ ಹೋಗಿದ್ದೀತು ಎಂದು ದೇವರಿಗೆ ಹೇಳುವಂತೆ ಗಟ್ಟಿಯಾಗಿಯೇ ಹೇಳಿಕೊಂಡಳು. ಒಂದು ಎಳೆ ಕತ್ತರಿಸಿ ಬಾಣಲೆಯ ಒಣ ಬದಿಯಲ್ಲಿಟ್ಟು ನೀರು ಚಿಮುಕಿಸಿ ಕಾದಳು. ದಾರ ಕಪ್ಪಾಗಲಿಲ್ಲ. ಇನ್ನೊಂದು ಎಳೆಯನ್ನು ಬಿಳಿ ಪಿಂಗಾಣಿ ಬಟ್ಟಲಿನ ಉಪ್ಪುನೀರಿಗೆ ಹಾಕಿದಳು. ನಿಧಾನವಾಗಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಹೊಲಿಗೆಯ ಕೊನೆಯಲ್ಲಿ ಕಂದು ಪುಕ್ಕದ ಒಂದು ಎಸಳು ಸಿಕ್ಕಿಕೊಂಡಿತ್ತು, ಕಣ್ಣು ರೆಪ್ಪೆಯ ಕೂದಲಿಗಿಂತ ದೊಡ್ಡದಲ್ಲ.

ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಶಂಕರಯ್ಯ ತೋಟದಲ್ಲಿದ್ದ. ನೋಡಿದವರು ಯಾರೂ ಇಲ್ಲ. ಆ ದಾರವನ್ನು ಪೂರ್ತಿ ಬಿಚ್ಚಿ ಒಲೆಗೆ ಹಾಕಿದರೆ ಮುಗಿಯಿತು, ಪಟ್ಟಿಗೆ ಒಂದೇ ಚೊಂಬು ನೀರು. ಕಪ್ಪಾದ ಹಗ್ಗ ತೋರಿಸಿ ಕೆಂಚನನ್ನೂ ಬಿಡಿಸಬಹುದು ಎಂದುಕೊಂಡಳು. ಆದರೆ ದೇವರಾಜ ಇವತ್ತು ಒಂದು ನಾಯಿಯನ್ನು ಕೊಲ್ಲದೆ ಮನೆಗೆ ಹೋಗುವವನಲ್ಲ. ಹೆಂಗಸರ ಬಾಣಲೆ ಪಂಚಾಯ್ತಿಯನ್ನು ಅವನು ಕೇಳುವವನೂ ಅಲ್ಲ. ಬೇರೆ ನಾಯಿಯನ್ನು ತೋರಿಸದೆ ಕೆಂಚ ಉಳಿಯುವುದಿಲ್ಲ. ಕೆಂಚನ ಹೆಸರು ಹೇಳಿದವಳು ತಾನು. ರುಕ್ಮಿಣಮ್ಮ ಜಾಕಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. "ನಿನ್ನೊಬ್ಬನ ಮೇಲೆ ಅನುಮಾನ ಬರ್ಲಿಲ್ಲಲ್ಲೋ ನಂಗೆ," ಎಂದಳು. ನಾಯಿ ಅವಳ ಕೈಯ ಉಪ್ಪು ನೆಕ್ಕಿತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಪಟ್ಟಿಯನ್ನು ಮತ್ತೆ ಕಟ್ಟಿ, ನೀಲಿ ಲೀಶು ಹಾಕಿ, ಕಪ್ಪು ಹಗ್ಗವನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊರಟಳು. ಜಾಕಿ ತಿರುಗಾಟಕ್ಕೆಂದು ಕುಣಿಯುತ್ತ ಮುಂದೆ ಎಳೆಯುತ್ತಿತ್ತು. ಲೈನ್‌ಮನೆಯ ಮುಂದೆ ಜೀಪು ಆಗಲೇ ನಿಂತಿತ್ತು. ಹಲಸಿನ ಮರಕ್ಕೆ ಕಟ್ಟಿದ್ದ ಕೆಂಚನ ಪಕ್ಕದಿಂದ ರಂಗಮ್ಮ ಏಳಲು ಒಪ್ಪುತ್ತಿರಲಿಲ್ಲ. ದೇವರಾಜ ಕೋವಿಗೆ ತೋಟೆ ತುಂಬುತ್ತಿದ್ದ.

"ಅದಲ್ಲ ದೇವರಾಜ, ಇದು," ಎಂದಳು ರುಕ್ಮಿಣಮ್ಮ. "ಕೆಂಚನದ್ದು ಚೊಗರೇ. ಕಬ್ಬಿಣಕ್ಕೆ ಹಾಕಿ ನೋಡ್ದೆ. ಇದರ ಪಟ್ಟಿ ಮಡಚಿದ ಕಡೆ ಬಿಡಿಸಿ ನೋಡಿ. ದಿನಾ ನಾನೇ ತೊಳೀತಿದ್ದೆ. ಗೊತ್ತಿರ್ಲಿಲ್ಲ."

ದೇವರಾಜ ಬಗ್ಗಿ ಮಡಿಕೆ ಬಿಡಿಸಿದ. ದಾರ ನೋಡಿದ, ಪುಕ್ಕ ನೋಡಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಜಾಕಿ ಅವನ ಕಿವಿ ನೆಕ್ಕಿತು. ರುಕ್ಮಿಣಮ್ಮ ಕಣ್ಣು ಮುಚ್ಚಿಕೊಂಡಳು.

ಕೋವಿಯ ನಳಿಗೆ ಬಗ್ಗಿಸಿ ತೆರೆದ ಸದ್ದು ಕೇಳಿತು. ಕಣ್ಣು ತೆರೆದಾಗ ದೇವರಾಜ ತೋಟೆಯನ್ನು ಹೊರಗೆಳೆದು ಜೇಬಿಗೆ ಹಾಕುತ್ತಿದ್ದ.

"ಹೋಗ್ಲಿ ಬಿಡಿ ರುಕ್ಮಿಣಮ್ಮ. ನೀವೇ ಬಂದು ಹೇಳಿದ್ರಲ್ಲ. ಎಷ್ಟಾದ್ರೂ ಅಕ್ಕಪಕ್ಕದವ್ರು ನಾವು. ಇನ್ಮೇಲೆ ರಾತ್ರೀನೂ ಕಟ್ಟಿ ಹಾಕಿ, ಸಾಕು."

ಜಾಕಿ ಉಳಿದ ಸಂತೋಷಕ್ಕೆ ರುಕ್ಮಿಣಮ್ಮ ಕೈ ಮುಗಿಯಲು ಹೋದಳು. ಆಗ ಮರದ ಕೆಳಗಿನಿಂದ ರಂಗಮ್ಮ ಮಾತಾಡಿದಳು. ಜಗಳದ ಧ್ವನಿಯಲ್ಲ, ಗೊತ್ತಿಲ್ಲದ್ದನ್ನು ಕೇಳುವ ಧ್ವನಿ.

"ಅಯ್ಯಾ, ಕಟ್ಟಿ ಹಾಕಿದ್ರೆ ಸಾಕು ಅಂತ ಬೆಳಿಗ್ಗೆ ನಂಗೆ ಎಂತಕೆ ಹೇಳ್ಲಿಲ್ಲ?"

ದೇವರಾಜ ಜೀಪಿನ ಕಡೆ ನಡೆದ. ಕೇಳಿಸಲಿಲ್ಲ ಎನ್ನುವಂತಿರಲಿಲ್ಲ, ಅಷ್ಟು ಹತ್ತಿರವೇ ಇದ್ದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ರುಕ್ಮಿಣಮ್ಮನಿಗೆ ತಿಳಿಯಲಿಲ್ಲ. ಜೀಪು ತಿರುವು ದಾಟಿತು.

"ನಾಳೆ ಕಳಸಕ್ಕೆ ಹೋಗ್ತೀನಿ ರಂಗಮ್ಮ," ಎಂದಳು. "ರಜಾಕನ ಹತ್ರ ಒಂದು ಮಾತು ಹೇಳೋದಿದೆ. ಕೆಂಚಂಗೂ ಇಂಥದ್ದೇ ಪಟ್ಟಿ ಹೊಲಿಸ್ಕೊಂಡು ಬರ್ತೀನಿ. ನೀರು ಹಿಡಿಯಲ್ಲ. ಒಂದು ಚೊಂಬು ನೀರು ಹಾಕಿದ್ರೆ ಏನೂ ಉಳಿಯಲ್ಲ."

ರಂಗಮ್ಮ ಅವಳ ಕೈಯಿಂದ ಕಪ್ಪಾದ ಸೀರೆ ಹಗ್ಗವನ್ನು ತೆಗೆದುಕೊಂಡಳು. ಬೆರಳುಗಳ ನಡುವೆ ಎಳೆದು ನೀರು ಹಿಂಡಿ, ಕೆಂಚನ ಕುತ್ತಿಗೆಗೆ ಸುತ್ತಿ ಗಂಟು ಹಾಕಿದಳು. ಆಮೇಲೆ ರುಕ್ಮಿಣಮ್ಮನನ್ನು, ಇಷ್ಟು ವರ್ಷ ರುಕ್ಮಿಣಮ್ಮ ಊರನ್ನೆಲ್ಲ ನೋಡುತ್ತ ಬಂದಿದ್ದ ಕಣ್ಣಿನಲ್ಲಿ ನೋಡಿದಳು.

"ಬೇಡ ಅಮ್ಮಾವ್ರೆ. ನಮ್ಮ ನಾಯಿಗೆ ಕಲೆ ಎಲ್ಲಾ ಕಾಣೋ ಹಗ್ಗಾನೇ ಇರ್ಲಿ."