ತೆರೆದಿದ್ದ ಒಂದೇ ಮೈಕು

ಮಾತು ಕೊಟ್ಟ ಮನುಷ್ಯ ಅಷ್ಟು ಬೇಗ ಚಹಾ ಮುಗಿಸಿ ಏಳುತ್ತಾನೆಯೇ? ನಿನ್ನೆ ಅಕ್ಕ ಕೊಟ್ಟ ಲೋಟದಲ್ಲಿ ಇನ್ನೂ ಹಬೆಯಾಡುತ್ತಿತ್ತು. ಮೇಷ್ಟ್ರು ಅದನ್ನು ಕಷಾಯ ಕುಡಿದ ಹಾಗೆ ಗಟಗಟನೆ ಇಳಿಸಿ ಎದ್ದುಬಿಟ್ಟರು. ನಿಜವಾಗಿಯೂ ಬೇರೆ ಕಡೆ ಹೋಗುವುದಿತ್ತೋ ಏನೋ. ಇದ್ದರೂ ಇರಬಹುದು. ಆದರೆ "ನಾನಿದ್ದೀನಲ್ಲಮ್ಮ" ಎನ್ನುವಾಗ ಅವರು ಅಕ್ಕನ ಮುಖ ನೋಡಲಿಲ್ಲ, ಒಳಗಿನ ಕೋಣೆಯ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನೋಡುವಂಥದ್ದು ಏನಿತ್ತು?

ಶಾಸನಸಭೆಯ ಧ್ವನಿ ಕೋಣೆಯಲ್ಲಿ ಕೂತು, ಹೆಡ್‌ಫೋನಿನ ತಂತಿಯ ಗಂಟು ಬಿಡಿಸುತ್ತಾ, ಅವನು ಬೆಳಗಿನಿಂದ ಇದನ್ನೇ ಮೆಲುಕು ಹಾಕುತ್ತಿದ್ದ. ಕೋಣೆ ಇದ್ದದ್ದು ಸಭಾಂಗಣದ ಹಿಂಬದಿಯ ಎತ್ತರದಲ್ಲಿ, ದಪ್ಪ ಗಾಜಿನ ಹಿಂದೆ. ಕೆಳಗೆ ಪ್ರತಿ ಸದಸ್ಯರ ಮೇಜಿಗೂ ಒಂದು ಮೈಕು. ಮೇಲೆ ಅವನ ಮುಂದಿನ ಹಲಗೆಯಲ್ಲಿ ಪ್ರತಿ ಮೈಕಿಗೂ ಒಂದು ಜಾರುಗುಂಡಿ. ಸಭಾಧ್ಯಕ್ಷರು ಯಾರನ್ನು ಕರೆಯುತ್ತಾರೋ ಅವರ ಗುಂಡಿಯನ್ನು ಮೇಲಕ್ಕೆ ಜಾರಿಸಬೇಕು, ಮಾತು ಮುಗಿದ ಕೂಡಲೇ ಕೆಳಕ್ಕೆ. ಕೆಲಸ ಇಷ್ಟೇ. ಓಣಿಯಲ್ಲಿ ಅವನಿಗೆ ಮೈಕಣ್ಣ ಅಂತಲೇ ಹೆಸರು. ಬಾಯಿ ಬಿಟ್ಟು ನಾಲ್ಕು ಮಾತಾಡದ ಮನುಷ್ಯನಿಗೆ ಆ ಹೆಸರಿಟ್ಟವರು ಯಾರೋ, ಬೇಕೆಂದೇ ಇಟ್ಟಿರಬೇಕು.

ಆವತ್ತು ಮತಕ್ಕೆ ಬರಲಿದ್ದ ಮಸೂದೆ ಸಣ್ಣದು. ಕೊಲೆ ಮಾಡಿ ಜೈಲು ಸೇರಿದವರನ್ನು, ಕೆಲವು ವರ್ಷ ಕಳೆದ ಮೇಲೆ, ನಡತೆ ನೋಡಿ ಬಿಡುವ ಪದ್ಧತಿ ಇತ್ತಲ್ಲ, ಅದನ್ನು ತೆಗೆದುಹಾಕುವುದು. ಈಗಾಗಲೇ ಒಳಗಿರುವವರಿಗೂ ಇದು ಅನ್ವಯ. ಹಾಗೆ ಬಿಡುಗಡೆಯಾದ ಒಬ್ಬ ಮತ್ತೆ ಒಂದು ಜೀವ ತೆಗೆದಿದ್ದ. ಊರಿಗೆ ಊರೇ ಕೆಂಡವಾಗಿತ್ತು. ಚುನಾವಣೆಯೂ ಹತ್ತಿರದಲ್ಲಿತ್ತು.

ಅಕ್ಕನ ಮಗ ಒಳಗಿದ್ದ. ಮೀಸೆ ಚಿಗುರುವ ವಯಸ್ಸಿನಲ್ಲಿ, ಗ್ಯಾರೇಜಿನ ಮುಂದೆ ಮಾತಿಗೆ ಮಾತು ಬೆಳೆದು, ಕೈಗೆ ಸಿಕ್ಕಿದ ಜಾಕಿಯ ರಾಡು ಬೀಸಿದ್ದ. ಎದುರಿನವನು ಮತ್ತೆ ಏಳಲಿಲ್ಲ. ಅಕ್ಕ ಅದನ್ನು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ. "ಮಾಡಿದ್ದು ಮಾಡಿದ. ಆ ತಾಯಿಯ ಎದುರು ನಿಲ್ಲೋಕೆ ನನಗೆ ಮುಖ ಇಲ್ಲ. ಆದ್ರೆ ನನ್ನ ಕಣ್ಣು ಮುಚ್ಚೋದ್ರೊಳಗೆ ಅವನನ್ನ ಒಂದ್ಸಲ ಮನೆಯಲ್ಲಿ ನೋಡಬೇಕು" ಎನ್ನುತ್ತಿದ್ದಳು. ಬರುವ ವರ್ಷ ಅವನ ಸರದಿ ಬರುವುದಿತ್ತು. ಅಕ್ಕ ಆಗಲೇ ಅವನ ಕೋಣೆಗೆ ಸುಣ್ಣ ಬಳಿಸಿದ್ದಳು. ಬಡಗಿಯನ್ನು ಕರೆಸಿ, ಆ ಬಾಗಿಲಿಗೆ ಹೊರಗಡೆಯಿಂದ ಇದ್ದ ಚಿಲಕ ಕೀಳಿಸಿದ್ದಳು. ಹೊರಗಿನ ಚಿಲಕ ನೋಡಿದರೆ ಮಗನಿಗೆ ಜೈಲಿನದೇ ನೆನಪಾಗುತ್ತದೆ ಅಂತ. ಮೊಳೆಯ ತೂತುಗಳಿಗೆ ಮೇಣ ತುಂಬಿದರೂ ಚಿಲಕದ ಆಕಾರದ ಬಿಳಿ ಗುರುತು ಮರದ ಮೇಲೆ ಉಳಿದಿತ್ತು.

ನಿನ್ನೆ ಮೇಷ್ಟ್ರು ನೋಡಿದ್ದು ಅದನ್ನೇ ಇರಬಹುದೇ?

ಮೇಷ್ಟ್ರು ಅಕ್ಕ-ತಮ್ಮನ ಕ್ಷೇತ್ರದ ಸದಸ್ಯರು, ಆಡಳಿತ ಪಕ್ಷದವರು. ರಾಜಕೀಯಕ್ಕೆ ಬರುವ ಮುಂಚೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಅಕ್ಕನ ಮಗ ಅವರ ಬಳಿಯೇ ಕಲಿತವನು. ಆ ಸಲಿಗೆಯಿಂದಲೇ ಅಕ್ಕ ಅವರನ್ನು ಮನೆಗೆ ಕರೆದು ಕೂರಿಸಿ ನೇರವಾಗಿ ಕೇಳಿದ್ದಳು.

"ಮೇಷ್ಟ್ರೇ, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ನಾಳೆ ನೀವು ಹೌದು ಅಂತೀರೋ, ಇಲ್ಲ ಅಂತೀರೋ?"

"ಪಕ್ಷ ಅಂತ ಒಂದು ಇರುತ್ತಲ್ಲ ತಾಯಿ..."

"ಪಕ್ಷಕ್ಕೆ ನಾನು ಚಹಾ ಕೊಟ್ಟಿಲ್ಲ. ನಿಮಗೆ ಕೊಟ್ಟಿದ್ದೀನಿ."

ಮೇಷ್ಟ್ರು ನಕ್ಕರು. "ನಿಮ್ಮ ಹುಡುಗನಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಆದ್ರೆ ಒಂದು ದಿನವೂ ಪಕ್ಕದವನದ್ದು ನೋಡಿ ಬರೆದವನಲ್ಲ."

"ಅದಲ್ಲ ನಾನು ಕೇಳಿದ್ದು."

"ಇಲ್ಲ ಅಂತೀನಮ್ಮ. ನಾನಿದ್ದೀನಲ್ಲಮ್ಮ."

ಅವರು ಹೋದ ಮೇಲೆ ಅಕ್ಕ ತಮ್ಮನ ಕಡೆ ತಿರುಗಿದಳು. "ಏನೋ ಅನ್ನಿಸುತ್ತೆ ನಿನಗೆ?"

"ನೋಡೋಣ."

"ನಿನ್ನ ನೋಡೋಣ ಕೇಳಿ ಕೇಳಿಯೇ ನನ್ನ ತಲೆ ಬೆಳ್ಳಗಾಯ್ತು. ನಾಳೆ ನೀನು ಅಲ್ಲೇ ಇರ್ತೀಯಲ್ಲ, ಕಿವಿ ತೆರೆದಿಟ್ಟುಕೊಂಡು ಕೇಳು. ಅವರ ಬಾಯಿಂದ ಏನು ಬಂತು ಅಂತ ಬಂದು ನನಗೆ ಹೇಳು. ಅಷ್ಟು ಮಾಡು ಸಾಕು."

ಧ್ವನಿಮತದ ಹೊತ್ತಿನಲ್ಲಿ ಎಲ್ಲ ಸದಸ್ಯರ ಮೈಕು ಮುಚ್ಚಿರುತ್ತದೆ, ಸಭಾಧ್ಯಕ್ಷರು ಬರಿಯ ಕಿವಿಯಿಂದಲೇ ಹೌದು ಎಷ್ಟು, ಇಲ್ಲ ಎಷ್ಟು ಅಂತ ಅಳೆಯುತ್ತಾರೆ ಎಂದು ಅವನು ಅವಳಿಗೆ ಬಿಡಿಸಿ ಹೇಳಲಿಲ್ಲ. ಅವಳ ಉತ್ಸಾಹಕ್ಕೆ ತಣ್ಣೀರು ಎರಚುವುದು ಯಾಕೆ ಎನ್ನಿಸಿತ್ತು.

ಚರ್ಚೆ ಊಟದ ನಂತರ ಶುರುವಾಯಿತು. ಚರ್ಚೆ ಅನ್ನುವುದಕ್ಕಿಂತ ಪೈಪೋಟಿ ಅನ್ನಬಹುದು. ಮುಂದಿನ ಸಾಲಿನ ದಪ್ಪ ಮೀಸೆಯವರು ಎದ್ದು, "ಮೂರು ಹೊತ್ತು ಊಟ, ನೋಡೋಕೆ ಟಿವಿ. ಇದು ಜೈಲೋ, ಮಾವನ ಮನೆಯೋ?" ಎಂದರು. ಮೇಜುಗಳು ಕುಟ್ಟಿಸಿಕೊಂಡವು.

"ಅವರಿಗೆ ಗೊತ್ತಿಲ್ಲದ್ದಾ," ಎಂದ ಪಕ್ಕದಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಜೊತೆಗಾರ. "ಆ ಮಾವನ ಮನೆಯಲ್ಲಿ ಅವರೂ ಕೆಲವು ದಿನ ಅಳಿಯತನ ಮಾಡಿ ಬಂದವರೇ."

ವಿರೋಧ ಪಕ್ಷದ ನಾಯಕರು ಮಸೂದೆ ತೀರಾ ಮೆತ್ತಗಾಯಿತು, ತಾವು ಬಂದರೆ ಇನ್ನೂ ಬಿಗಿ ಮಾಡುತ್ತೇವೆ ಎಂದರು. ಮನುಷ್ಯ ತಿದ್ದಿಕೊಳ್ಳಬಲ್ಲ ಎಂದು ಕಳೆದ ಅಧಿವೇಶನದಲ್ಲಿ ಇದೇ ಮೈಕಿನಲ್ಲಿ ಗಂಟಲು ಕಟ್ಟಿಕೊಂಡು ಮಾತಾಡಿದ್ದ ವಕೀಲ ಸದಸ್ಯರು, ಇವತ್ತು ಕನ್ನಡಕ ಒರೆಸಿಕೊಳ್ಳುತ್ತಾ, ಕಾಲ ಬದಲಾಗಿದೆ ಎಂದು ಕೂತರು. ಬೆಳಿಗ್ಗೆ ಕಾರಿಡಾರಿನಲ್ಲಿ ಇವರೇ ಯಾರಿಗೋ "ಇದು ಅನ್ಯಾಯ ಕಣ್ರೀ" ಎನ್ನುತ್ತಿದ್ದುದನ್ನು ಅವನು ಕೇಳಿದ್ದ. ಯಾವುದು ಅವರ ಮಾತು? ಕಾರಿಡಾರಿನದ್ದೋ, ಮೈಕಿನದ್ದೋ? ಹೀಗೆ ಒಬ್ಬೊಬ್ಬರ ಗುಂಡಿ ಮೇಲಕ್ಕೆ ಜಾರಿಸುವಾಗಲೂ ಅವನ ತಲೆಯಲ್ಲಿ ಅದೇ ಹುಳ ಕೊರೆಯುತ್ತಿತ್ತು.

ಮೇಷ್ಟ್ರು ಮಾತಾಡಲು ಕೈ ಎತ್ತಲೇ ಇಲ್ಲ. ಹಿಂದಿನ ಸಾಲಿನ ಮೂಲೆಯಲ್ಲಿ, ಕಂಬದ ಪಕ್ಕದಲ್ಲಿ ಕೂತು ಪೆನ್ನಿನ ಕ್ಯಾಪು ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

"ನಿಮ್ಮ ಮೇಷ್ಟ್ರಿಗೆ ಇವತ್ತು ಮೌನವ್ರತವೇನೋ?" ಎಂದ ಜೊತೆಗಾರ.

"ಗೊತ್ತಿಲ್ಲ."

"ನಿನಗೆ ಯಾವುದು ಗೊತ್ತು ಹೇಳಪ್ಪ ಸ್ವಾಮಿ."

ಸಭಾಧ್ಯಕ್ಷರು ಮಸೂದೆಯನ್ನು ಮತಕ್ಕೆ ಹಾಕುವುದಾಗಿ ಹೇಳಿದರು. ಅವನು ವಾಡಿಕೆಯಂತೆ ಎಲ್ಲ ಗುಂಡಿಗಳನ್ನೂ ಕೆಳಕ್ಕೆ ಎಳೆದ. ಜೊತೆಗಾರ ರೆಕಾರ್ಡಿಂಗ್ ಯಂತ್ರದ ಕಡೆ ತಿರುಗಿದ. ಆಗ ಮೈಕಣ್ಣನ ಬೆರಳು ತಾನಾಗಿಯೇ ಮೇಷ್ಟ್ರ ಗುಂಡಿಯ ಕೆಳಗಿದ್ದ ಹಳದಿ ಬಟನ್ನಿನ ಮೇಲೆ ಹೋಯಿತು.

ಆ ಬಟನ್ ಒತ್ತಿದರೆ ಮುಚ್ಚಿದ ಮೈಕಿನ ಸದ್ದು ಸಭೆಗೆ ಕೇಳುವುದಿಲ್ಲ, ರೆಕಾರ್ಡ್ ಆಗುವುದಿಲ್ಲ, ಹೆಡ್‌ಫೋನಿಗೆ ಮಾತ್ರ ಬರುತ್ತದೆ. ಬೆಳಿಗ್ಗೆ ಸಭೆ ಸೇರುವ ಮುಂಚೆ ಮೈಕು ಸರಿಯಿದೆಯೇ ನೋಡಲು ಇಟ್ಟದ್ದು. ಸಭೆ ನಡೆಯುವಾಗ ಒತ್ತುವಂತಿಲ್ಲ. ಸದಸ್ಯರು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಾರೆ. ಅದನ್ನು ಕದ್ದು ಕೇಳಿದ ಆರೋಪದ ಮೇಲೆ ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನನ್ನು ಮನೆಗೆ ಕಳಿಸಿದ್ದರು. ಇದೆಲ್ಲ ಗೊತ್ತಿದ್ದೇ ಅವನು ಒತ್ತಿದ. ಮೇಷ್ಟ್ರು ಹೌದು ಅನ್ನುವುದನ್ನು ತನ್ನ ಕಿವಿಯಾರೆ ಕೇಳಬೇಕಿತ್ತು. ಆಗ ಅಕ್ಕನ ಮುಂದೆ ಅನುಮಾನಕ್ಕೆ ಜಾಗವಿಲ್ಲದೆ ಹೇಳಬಹುದು.

"ಪರವಾಗಿರುವವರು ಹೌದು ಎನ್ನಿ."

ಸಭೆ ಒಂದೇ ಗಂಟಲಾಗಿ ಹೌದು ಎಂದಿತು. ಹೆಡ್‌ಫೋನಿನಲ್ಲಿ ಆ ಗದ್ದಲ ದೂರದಿಂದ ಬಂದ ಹಾಗೆ ಕೇಳಿತು. ಹತ್ತಿರದಲ್ಲಿ ಪೆನ್ನಿನ ಕ್ಯಾಪು ಟಕ್ಕೆಂದಿತು, ಅಷ್ಟೇ. ಮೇಷ್ಟ್ರ ಉಸಿರಾಟ ಕೇಳುತ್ತಿತ್ತು.

"ವಿರುದ್ಧ ಇರುವವರು ಇಲ್ಲ ಎನ್ನಿ."

ಸಭೆ ಗಪ್‌ಚಿಪ್. ಕೆಲವರು ಆಗಲೇ ಮೇಜು ಕುಟ್ಟಲು ಕೈ ಎತ್ತಿ ಹಿಡಿದಿದ್ದರು. ಅವನ ಕಿವಿಯಲ್ಲಿ ಕುರ್ಚಿ ಕಿರುಗುಟ್ಟಿತು.

"ಇಲ್ಲ."

ಮೆತ್ತಗಿನ ದನಿ, ಆದರೆ ಸ್ಪಷ್ಟ. ಕರಿಹಲಗೆಯ ಮುಂದೆ ನಿಂತ ಹುಡುಗನಿಗೆ ಲೆಕ್ಕ ತಪ್ಪಾಯಿತು ಎಂದು ಹೇಳುವ ದನಿ. ಪಕ್ಕದ ಕುರ್ಚಿಯವರೂ ತಿರುಗಿ ನೋಡಲಿಲ್ಲ.

ಅವನು ಇನ್ನೊಂದು ಕೈ ಚಾಚಿದ. ಬೆರಳು ಜಾರುಗುಂಡಿಯ ಮೇಲಿತ್ತು. ಸಭಾಧ್ಯಕ್ಷರು ಇನ್ನೂ ಕತ್ತು ವಾರೆ ಮಾಡಿ ಕೇಳಿಸಿಕೊಳ್ಳುತ್ತಲೇ ಇದ್ದರು. ಗುಂಡಿಯನ್ನು ಸ್ವಲ್ಪ ಮೇಲಕ್ಕೆ ನೂಕಿದರೆ ಸಾಕಿತ್ತು. ಆಗ ಮೇಷ್ಟ್ರು ಮುಂದಕ್ಕೆ ಬಾಗಿದರು. ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಬಂದು, ಕಣ್ಣೆತ್ತಿ ಈ ಗಾಜಿನ ಕಡೆ ನೋಡಿ, ಇನ್ನೊಮ್ಮೆ ಅಂದರು.

"ಇಲ್ಲ."

ಯಾಕೆ ಇತ್ತ ನೋಡಿದರು? ಮೈಕು ತೆರೆ ಅಂತಲೋ? ಅಥವಾ ಮುಚ್ಚಿದೆ ಅಂತ ಖಾತ್ರಿ ಮಾಡಿಕೊಂಡೋ? ಗಾಜಿನ ಹಿಂದೆ ಯಾರು ಕೂತಿದ್ದಾರೆ, ಆತ ಯಾರ ತಮ್ಮ ಎಂಬುದು ಅವರಿಗೆ ಗೊತ್ತು; ಹಳದಿ ಬಟನ್ನಿನ ಹಳೆಯ ರಗಳೆ ಸದಸ್ಯರೆಲ್ಲರಿಗೂ ಗೊತ್ತು. ಪಕ್ಷಕ್ಕೂ ಕೇಳಬಾರದು, ಪತ್ರಿಕೆಗೂ ಕೇಳಬಾರದು, ಅಕ್ಕನ ಮನೆಗೆ ಮಾತ್ರ ಮುಟ್ಟಬೇಕು, ಹಾಗೆ ಹೂಡಿದ ಆಟವೇ ಇದು? ಅವನು ಈ ಅನುಮಾನವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡುತ್ತಿರುವಾಗಲೇ ಸಭಾಧ್ಯಕ್ಷರು ಕತ್ತು ನೆಟ್ಟಗೆ ಮಾಡಿಕೊಂಡರು.

"ಮಸೂದೆಗೆ ಸರ್ವಾನುಮತದ ಅಂಗೀಕಾರ."

ಮೇಜು ಕುಟ್ಟುವ ಸದ್ದು ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಕಿವಿಗೆ ಅಪ್ಪಳಿಸಿತು. ಅವನು ಹಳದಿ ಬಟನ್ನಿನಿಂದ ಬೆರಳು ತೆಗೆದ. ಜಾರುಗುಂಡಿ ಕೆಳಗೇ ಇತ್ತು.

ಸಭೆ ಮುಗಿದ ಮೇಲೆ ಜೊತೆಗಾರ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಮೈಕಣ್ಣ ತಂತಿ ಸುತ್ತುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಮೇಷ್ಟ್ರು. ಸದಸ್ಯರು ಯಾರೂ ಆ ಮೆಟ್ಟಿಲು ಹತ್ತಿ ಬಂದದ್ದಿಲ್ಲ.

"ಏನಪ್ಪಾ, ನನ್ನ ಮೈಕು ಇವತ್ತು ಸರಿಯಾಗಿತ್ತಾ?"

"ಬೆಳಿಗ್ಗೆ ನೋಡಿದಾಗ ಸರಿಯಾಗಿತ್ತು ಸಾರ್."

"ಬೆಳಿಗ್ಗೆದಲ್ಲ." ಅವರು ಹಲಗೆಯ ಮೇಲಿನ ಗುಂಡಿಗಳನ್ನು ನೋಡುತ್ತಾ ನಿಂತರು. "ಆಮೇಲೆ, ಮತಕ್ಕೆ ಹಾಕಿದಾಗ."

ಹೆದರಿ ಕೇಳುತ್ತಿದ್ದಾರೋ, ಆಸೆಯಿಂದ ಕೇಳುತ್ತಿದ್ದಾರೋ? ಕೇಳಿಸಿತು ಎಂದರೆ ಕಳ್ಳಗಿವಿ ಎಂದು ನಾಳೆಯೇ ದೂರು ಕೊಡುವುದಕ್ಕೋ? ಅವರ ಮುಖದಲ್ಲಿ ಏನೂ ಓದಲಾಗಲಿಲ್ಲ. ಹಣೆಯಲ್ಲಿ ಬೆವರು ಮಾತ್ರ ಇತ್ತು; ಅದು ಮೆಟ್ಟಿಲು ಹತ್ತಿದ್ದಕ್ಕೂ ಇರಬಹುದು.

"ಆಗ ಎಲ್ಲಾ ಮೈಕೂ ಮುಚ್ಚಿರುತ್ತೆ ಸಾರ್."

"ಎಲ್ಲಾನೂ?"

"ಎಲ್ಲಾನೂ."

ಮೇಷ್ಟ್ರು ತಲೆಯಾಡಿಸಿದರು. "ಸರಿ ಹಾಗಾದ್ರೆ," ಎಂದು ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಧಾನವಾಗಿ ಇಳಿದುಹೋದರು.

ಮನೆಯಲ್ಲಿ ಅಕ್ಕ ಟಿವಿ ಆರಿಸಿ ಕೂತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಬಂದು ತಲುಪಿತ್ತು.

"ಸರ್ವಾನುಮತ ಅಂದ್ರೆ ಒಬ್ಬರೂ ಇಲ್ಲ ಅನ್ನಲಿಲ್ಲ ಅಂತ ತಾನೇ ಅರ್ಥ?"

"ಹೂಂ."

"ಅವರೂ ಅನ್ನಲಿಲ್ಲ."

ಅವನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ.

"ಕೇಳ್ತಿದ್ದೀನಿ ಕಣೋ. ನಿನಗೆ ಏನು ಕೇಳಿಸ್ತು?"

"ಆಗ ಮೈಕೆಲ್ಲಾ ಮುಚ್ಚಿರುತ್ತೆ ಅಕ್ಕ."

ಅವಳು ಅವನನ್ನೇ ದಿಟ್ಟಿಸಿದಳು. ಚಿಕ್ಕಂದಿನಲ್ಲಿ ಅವನು ಡಬ್ಬಿಯಿಂದ ಸಕ್ಕರೆ ತಿಂದು ಬಂದಾಗ ಹೀಗೇ ನೋಡುತ್ತಿದ್ದಳು. "ನೀನು ಯಾವತ್ತೂ ಹೀಗೇ. ಏನೋ ಇಟ್ಟುಕೊಂಡೇ ಇರ್ತೀಯ. ಬಾಯಿ ಬಿಡಲ್ಲ." ಆಮೇಲೆ ಎದ್ದು ಹೋಗಿ ಮಗನ ಕೋಣೆಯ ಬಾಗಿಲನ್ನು ಮುಂದಕ್ಕೆಳೆದಳು. ಹಾಕಲು ಚಿಲಕವಿರಲಿಲ್ಲ. ಬಾಗಿಲು ಮೆಲ್ಲಗೆ ಮತ್ತೆ ತೆರೆದುಕೊಂಡಿತು. ಅವಳು ಮತ್ತೆ ಎಳೆಯಲಿಲ್ಲ.

ಹೇಳಿಬಿಡಬಹುದಿತ್ತು. ಆವತ್ತು ಊಟಕ್ಕೆ ಕೂತಾಗ ನಾಲಿಗೆಯ ತುದಿಯವರೆಗೆ ಬಂದದ್ದೂ ನಿಜ. ಕೆಲಸ ಹೋದೀತೆಂಬ ಹೆದರಿಕೆ ಇತ್ತು, ಆದರೆ ಅಕ್ಕ ಬೀದಿಯಲ್ಲಿ ಹೇಳಿಕೊಂಡು ತಿರುಗುವವಳಲ್ಲ. ಅವನು ಹೆದರಿದ್ದು ಅವಳ ಮುಂದಿನ ಪ್ರಶ್ನೆಗೆ. ನಿನಗೆ ಕೇಳಿಸಿದ್ದು ಸಭೆಗೆ ಯಾಕೆ ಕೇಳಿಸಲಿಲ್ಲ ಎಂದು ಅವಳು ಕೇಳದೆ ಬಿಡುತ್ತಾಳೆಯೇ? ಸಭೆಗೆ ಒಂದು 'ಇಲ್ಲ' ಕೇಳಿಸಿದ್ದರೆ ಕನ್ನಡಕದ ವಕೀಲರು ಇನ್ನೊಂದು ಅನ್ನುತ್ತಿದ್ದರೋ ಏನೋ, ಯಾರಾದರೂ 'ತಲೆ ಎಣಿಸಿ' ಎನ್ನುತ್ತಿದ್ದರೋ ಏನೋ. ಏನೂ ಆಗದೆ ಮಸೂದೆ ಹಾಗೆಯೇ ಪಾಸಾಗುತ್ತಿತ್ತು ಎಂದು ಅವನು ತನಗೆ ತಾನೇ ಹಲವು ಸಲ ಹೇಳಿಕೊಂಡ. ಹೇಳಿಕೊಳ್ಳುವಾಗಲೆಲ್ಲ ಬೆರಳ ತುದಿಯಲ್ಲಿ ಆ ಗುಂಡಿಯ ತಣ್ಣಗಿನ ಅಂಚು ತಗುಲಿದಂತಾಗುತ್ತಿತ್ತು.

ಚುನಾವಣೆ ಬಂತು. ಮೇಷ್ಟ್ರು ನಾಲ್ಕು ಜನರನ್ನು ಕಟ್ಟಿಕೊಂಡು ಮತ ಕೇಳಲು ಓಣಿಗೆ ಬಂದರು. ಅಕ್ಕನ ಗೇಟಿನ ಹತ್ತಿರ ಬಂದಾಗ ಜೊತೆಯವರನ್ನು ಮುಂದೆ ಕಳಿಸಿ ಒಬ್ಬರೇ ನಿಂತರು. ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು, ಅವನು ಅವಳ ಹಿಂದೆ.

"ಚೆನ್ನಾಗಿದ್ದೀರಾ ತಾಯಿ?"

"ಮನೆಯಲ್ಲಿ ಯಾರೂ ಇಲ್ಲ ಮೇಷ್ಟ್ರೇ."

ಮೇಷ್ಟ್ರು ಅದಕ್ಕೂ ಸಣ್ಣಗೆ ನಕ್ಕರು. "ನೋಡಮ್ಮ, ಆವತ್ತು ನಾನು..."

"ಆವತ್ತು ನೀವು ಚಹಾ ಕುಡಿದು ಹೋದ್ರಿ. ಅಷ್ಟು ನನಗೆ ಗೊತ್ತು. ಬಾಕಿಯದ್ದಕ್ಕೆ ಸಾಕ್ಷಿ ಇದ್ರೆ ಕರೆಸಿ."

ಮೇಷ್ಟ್ರು ಅವಳ ಹೆಗಲಿನಾಚೆ ಅವನ ಕಡೆ ನೋಡಿದರು. ಗಾಜಿನ ಕಡೆ ನೋಡಿದ ಹಾಗೆಯೇ ನೋಡಿದರು. ಆಟವಾಗಿದ್ದರೆ, ಇವನೇ ನನ್ನ ಸಾಕ್ಷಿ ಎಂದು ಈಗಲೇ ಬೆರಳು ತೋರಿಸಿಬಿಡಬೇಕಿತ್ತು. ಅವರು ತೋರಿಸಲಿಲ್ಲ, ಅವನ ಬಾಯಿಗೇ ಬಿಟ್ಟರು. ಅದು ಆಟವಲ್ಲ ಎಂದು ಅವನಿಗೆ ಆಗ ಹೊಳೆಯಿತು. ಅಕ್ಕನೂ ಹಿಂತಿರುಗಿ ಅವನ ಮುಖ ನೋಡಿದಳು. ಇಬ್ಬರೂ ಕಾದರು.

ಅವನು ಬಗ್ಗಿ, ಹೊಸ್ತಿಲ ಹತ್ತಿರ ಬಿದ್ದಿದ್ದ ಪೇಪರನ್ನು ಎತ್ತಿಕೊಂಡು ಒಳಗೆ ಹೋದ.

ಆ ಚುನಾವಣೆಯಲ್ಲಿ ಮೇಷ್ಟ್ರು ಸೋತರು. ಅಕ್ಕನ ಮಗ ಇನ್ನೂ ಒಳಗಿದ್ದಾನೆ. ಮೇಷ್ಟ್ರು ಆವತ್ತು ಎರಡು ಸಲ 'ಇಲ್ಲ' ಎಂದರು, ಎರಡೂ ಸಲ ನನಗೆ ಕೇಳಿಸಿತು ಎಂದು ಅವನು ಅಕ್ಕನಿಗೆ ಹೇಳಲೇ ಇಲ್ಲ.