ಕಮರಿಯಾಚೆಯ ಗಡಿಗೆ

ಆಲೂಗಡ್ಡೆ ಬೇಯಿಸಲು ದೊಡ್ಡ ಹಂಡೆ ಹುಡುಕುತ್ತ ಹಿಂಕೋಣೆಗೆ ನುಗ್ಗಿದ ಪೆತ್ರೋನಾ, ಮೂಲೆಯಲ್ಲಿ ಹೊದಿಸಿದ್ದ ಅಗಲ ಎಲೆಗಳನ್ನು ಎತ್ತಿದವಳೇ ಕೈ ಸುಟ್ಟುಕೊಂಡವಳಂತೆ ಬಿಟ್ಟಳು. ಎಲೆಯಡಿ ಮುಸುಕಿನ ಜೋಳ ಬೆಚ್ಚಗೆ ಮಲಗಿತ್ತು. ಕಾಳುಕಾಳಿಗೂ ಬಿಳಿ ಮೊಳಕೆ.

“ಯೇಸುವೇ! ಇಲ್ಲಿ ನೋಡ್ಬಾರೇ,” ಎಂದು ನಾದಿನಿಯನ್ನು ಕರೆದಳು. “ಚಿಚಾ ಕಾಯ್ಸೋ ಮೊಳಕೆ ಕಣೇ ಇದು. ಹೆಂಡದ ಮೊಳಕೆ! ದೀಕ್ಷಾಸ್ನಾನ ತಗೊಂಡೋಳ ಮನೇಲಿ!”

“ಮೆಲ್ಲಗೆ. ಹೆಣ ಮುಂದಿನ ಕೋಣೇಲಿದೆ.”

“ಹೆಣಕ್ಕೆ ಕಿವಿ ಇದ್ಯಾ? ನಾನಂದಿರ್ಲಿಲ್ವಾ, ಈ ಬಾಲ್ತಸಾರ ವಾರಾವಾರ ಗಂಟು ಹೊತ್ಕೊಂಡು ಕಮರಿ ದಾಟ್ತಾಳೆ, ಏನೋ ಇದೆ ಅಂತ? ನೀನು ಅವಳನ್ನ ಪುಣ್ಯವಂತೆ ಅಂದೆ.”

“ನಾನೆಲ್ಲಂದೆ? ಮಾಟಗಾರನ ಹತ್ರ ಹೋಗ್ತಾಳೆ ಅಂದ್ಕೊಂಡಿದ್ದೆ ನಾನು.”

ಹಂಡೆ ಒಲೆಗೇರುವ ಮೊದಲೇ ಸುದ್ದಿ ಅಂಗಳ ದಾಟಿತು. ಆಗಷ್ಟೇ ಎದೆ ಬಡಿದುಕೊಂಡು ಅತ್ತಿದ್ದವಳೊಬ್ಬಳು ಸತ್ತ ಬಾಲ್ತಸಾರಳ ತಗಡಿನ ಲೋಟ ಮೂಸಿ ಪಕ್ಕದವಳಿಗೆ ಕೊಟ್ಟಳು. ಅದರಲ್ಲಿ ಪುದೀನದ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

“ನೋಡಿದ್ಯಾ? ವಾಸ್ನೆ ಮುಚ್ಚೋಕೆ ಪುದೀನ.”

ಕುಡಿತ ನಿಷೇಧಿಸಿದ್ದ ಕ್ರೈಸ್ತ ಸಭೆಯ ಹಿರಿಯ ಅಬ್ದೋನ್ ನೌಲಾ ಹ್ಯಾಟು ತೆಗೆಯದೆಯೇ ಹಿಂಕೋಣೆಗೆ ಹೋಗಿ ಮೊಳಕೆ ನೋಡಿ ಬಂದ. ಸಭೆಯ ಸ್ಮಶಾನದ ಬೀಗದ ಕೈ ಇರುತ್ತಿದ್ದುದು ಅವನ ಸೊಂಟದಲ್ಲಿ. ಸತ್ತವಳ ಮಗಳು ದೆಲ್ಫಿನಾ ಅವನಿಗೆ ಎದುರಾಗಿ ನಿಂತಳು.

“ಗುಂಡಿ ತೋಡಿ ಆಗಿದೆ ಹಿರಿಯರೇ. ಅಪ್ಪನ ಮಗ್ಗುಲಲ್ಲೇ.”

“ಮುಚ್ಚಿಸ್ತೀವಮ್ಮ. ನಮ್ಮ ಸಭೇಲಿ ಹೆಂಡ ಬಿಟ್ಟು ಬಂದ ದುರ್ಬಲರಿದಾರೆ. ಹೆಂಡ ಕಾಯ್ಸಿದೋಳನ್ನ ಅಲ್ಲಿ ಮಲಗಿಸಿದ್ರೆ ಅವರ ಮನಸ್ಸಾಕ್ಷಿ ಗತಿ ಏನು?”

“ಯಾರ ಮನಸ್ಸಾಕ್ಷಿ? ಹೆಸರು ಹೇಳಿ.”

ಅಂಗಳದ ಕಣ್ಣುಗಳೆಲ್ಲ ಶವಪೆಟ್ಟಿಗೆಗೆ ಮೊಳೆ ಬಡಿಯುತ್ತಿದ್ದ ಸೆಗುಂದೊನ ಮೇಲೆ ಹೋಗಿ ಕೂತವು. ಪಕ್ಕದ ಮನೆಯವನು. ಒಂದು ಕಾಲದ ದೊಡ್ಡ ಕುಡುಕ. ಅವನ ಸುತ್ತಿಗೆ ನಿಂತಿತು.

* * *

ಚಿಂಬೊರಾಸೊ ಪರ್ವತದ ತಪ್ಪಲಲ್ಲಿ ಜಮೀನ್ದಾರನೇ ಹಬ್ಬಹಬ್ಬಕ್ಕೆ ಸಾರಾಯಿ ಪೀಪಾಯಿ ಇಳಿಸುತ್ತಿದ್ದ ಕಾಲವಿತ್ತು. ಕುಡಿದವನು ಎದ್ದಾಗ ಅವನ ಕುರಿ ಜಮೀನ್ದಾರನ ದೊಡ್ಡಿಯಲ್ಲಿರುತ್ತಿತ್ತು, ಅವನ ಹೊಲ ಜಮೀನ್ದಾರನ ಬೇಲಿಯೊಳಗಿರುತ್ತಿತ್ತು. ಸೆಗುಂದೊ ಮಾತ್ರ ಅದಕ್ಕಿಂತ ಹೆಚ್ಚು ಕಳೆದುಕೊಂಡ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಕುಡಿದು, ಹಿಮ ಬೀಳುವ ದಾರಿಯಲ್ಲಿ ಮಲಗಿಬಿಟ್ಟ. ಬೆಳಗ್ಗೆ ಅವನೊಬ್ಬನೇ ಎದ್ದ.

ಸಭೆ ಅವನನ್ನು ಎತ್ತಿ ನಿಲ್ಲಿಸಿತು. ಸುಳ್ಳಲ್ಲ. ಕುಡಿತ ಬಿಟ್ಟ ಊರು ಜಮೀನ್ದಾರನೆದುರು ತಲೆಯೆತ್ತಿತು, ಹೊಲ ಬಿಡಿಸಿಕೊಂಡಿತು. ಆದರೆ ಪಕ್ಕದ ಹಿತ್ತಿಲಲ್ಲಿ ಬಾಲ್ತಸಾರಳ ಚಿಚಾ ಗಡಿಗೆ ಊರ ಕಣ್ಣಿಗೆ ಬೀಳದೆ ಹಾಗೇ ಇತ್ತು. ಒಂದು ಮಧ್ಯಾಹ್ನ ಸೆಗುಂದೊ ಬೇಲಿಯಾಚೆ ನಿಂತು, ನೆಲ ನೋಡುತ್ತ ಹೇಳಿದ:

“ಅಕ್ಕ, ನಿನ್ನ ಗಡಿಗೆ ಹುಳಿ ಬಂದ್ರೆ ನನ್ನ ಕಾಲು ತಾನಾಗೇ ಇತ್ಲಾಗೆ ತಿರುಗುತ್ತೆ.”

“ಚಿಚಾ ಪಾಪ ಅಲ್ಲ ಕಣೋ. ದೇವರು ಜೋಳ ಕೊಟ್ಟ, ಮೊಳಕೇನೂ ಅವನೇ ಕೊಟ್ಟ. ಒಂದು ಬಟ್ಟಲು ಕುಡಿದು ಹಾಡ್ಕೊಂಡು ಮಲಗ್ತೀನಿ ನಾನು. ಯಾರಿಗೇನು?”

“ನಿನಗಲ್ಲ ಅಕ್ಕ. ನನಗೆ.”

ಬಾಲ್ತಸಾರ ಒಳಗೆ ಹೋಗಿ ಶಾಲು ತಂದು ಗಡಿಗೆಯನ್ನು ಬೆನ್ನಿಗೆ ಕಟ್ಟಿಕೊಂಡಳು, ಮಗುವನ್ನು ಕಟ್ಟಿಕೊಳ್ಳುವ ಹಾಗೆ.

“ಎಲ್ಲಿಗಕ್ಕ?”

“ರುಫಿನಾ ಮನೆಗೆ.” ರುಫಿನಾ ಅವಳ ತಂಗಿ. ಕಮರಿಯಾಚೆ, ಮೇಲಿನ ಬೋಳುಗುಡ್ಡದಲ್ಲಿದ್ದವಳು. ಸಭೆಗೆ ಸೇರದೆ ಹಳೆಯ ಗುಡಿಗೇ ಮೇಣದ ಬತ್ತಿ ಹಚ್ಚುತ್ತಿದ್ದವಳು. “ಇನ್ಮೇಲೆ ಅಲ್ಲೇ ಕುಡೀತೀನಿ. ಇತ್ಲಾಗೆ ಒಂದು ಹನಿ ತರಲ್ಲ. ಅಬ್ದೋನನಿಗೆ ಹೆದರಿ ಅಂದ್ಕೋಬೇಡ ಮತ್ತೆ. ಅವನಿಗೋಸ್ಕರ ಆದ್ರೆ ಬಾಗಿಲಲ್ಲೇ ಕೂತು ಕುಡೀತಿದ್ದೆ.”

ಗುಡ್ಡದ ಚಳಿಯಲ್ಲಿ ಜೋಳ ಮೊಳೆಯುವುದಿಲ್ಲ. ಹಾಗಾಗಿ ಮೊಳಕೆ ಮಾತ್ರ ಇಲ್ಲಿಂದ ಗಂಟಿನಲ್ಲಿ ಹೋಗುತ್ತಿತ್ತು. ಊರು ಆ ಗಂಟನ್ನು ನೋಡಿತು. ನಡೆದದ್ದು ಸೆಗುಂದೊನಿಗೆ ಗೊತ್ತಿತ್ತು, ನಾಚಿಕೆಯಿಂದ ಬಾಯಿ ಬಿಡಲಿಲ್ಲ.

* * *

ಈಗ ಸೆಗುಂದೊ ಬಾಯಿ ಬಿಟ್ಟ. ಸುತ್ತಿಗೆ ಕೆಳಗಿಟ್ಟು, ಗಡಿಗೆಯ ಕತೆಯನ್ನೆಲ್ಲ ಅಂಗಳಕ್ಕೆ ಕೇಳುವಂತೆ ಹೇಳಿದ.

“ಆ ದುರ್ಬಲ ನಾನೇ ಹಿರಿಯರೇ. ನನ್ನ ಮನಸ್ಸಾಕ್ಷಿಗೆ ಈ ಹೆಂಗಸಿಂದ ಒಂದು ಗೀರೂ ಆಗಿಲ್ಲ. ಗಂಡನ ಪಕ್ಕ ಮಲಗ್ಲಿ, ಬಿಡಿ.”

“ನಿನ್ನ ಮನಸ್ಸಾಕ್ಷಿ ನಿನಗೆ ತಿಳಿಯಲ್ಲ ತಮ್ಮಾ,” ಎಂದ ಅಬ್ದೋನ್. “ಅದರ ಕಾವಲಿಗೇ ನಾವಿರೋದು.”

ಜಮೀನ್ದಾರ ಊರು ಬಿಟ್ಟು ಹೋಗಿದ್ದ. ಅವನ ಮಾತಿನ ಧಾಟಿ ಇಲ್ಲೇ ಉಳಿದಿತ್ತು.

“ಇವನಿಗೂ ಕುಡಿಸ್ತಿದ್ಲೋ ಏನೋ, ಇಷ್ಟು ಪರ ವಹಿಸ್ತಾನೆ,” ಎಂದಳು ಪೆತ್ರೋನಾ, ಪಿಸುಮಾತಿಗಿಂತ ಕೊಂಚ ಜೋರಾಗಿ.

ಅಬ್ದೋನ್ ಸೆಗುಂದೊನ ಹತ್ತಿರ, ಬೇಕಾದ್ದಕ್ಕಿಂತ ಹತ್ತಿರ ಬಂದ. ಅವನ ಮೂಗಿನ ಹೊಳ್ಳೆ ಅರಳಿತು. ಸೆಗುಂದೊ ಬಾಯಿ ತೆರೆದು ಉಸಿರು ಬಿಟ್ಟ.

“ಮೂಸಿ. ಸರಿಯಾಗಿ ಮೂಸಿ. ಸಾಕಾ?”

ಹೆಂಡದ ವಾಸನೆ ಇರಲಿಲ್ಲ. ಆದರೂ ಸ್ಮಶಾನದ ಬೀಗ ತೆರೆಯಲಿಲ್ಲ.

ಬಾಗಿಲಲ್ಲಿ ಆಗಲೇ ಬಂದು ನಿಂತಿದ್ದ ರುಫಿನಾ, ಲಂಗದ ಅಂಚಿನ ಕೆಸರು ಕೊಡವಿ ಹೇಳಿದಳು: “ನಮ್ಮ ಕಡೆ ಬೀಗ ಇಲ್ಲ ಮಗಳೇ. ಇವರ ಬುದ್ಧಿ ಗೊತ್ತಿದ್ದೇ ಮುಂಜಾನೆ ಗುಂಡಿ ತೋಡೋಕೆ ಹೇಳಿ ಬಂದಿದೀನಿ.”

“ಅಪ್ಪ ಒಬ್ಬನೇ ಆಗ್ತಾನೆ ಚಿಕ್ಕಮ್ಮ.”

“ಹ್ಞೂಂ. ಆಗ್ತಾನೆ.”

ಹೆಣ ಮಲಗಿಸಿ ಮುಚ್ಚಿದ ಪೆಟ್ಟಿಗೆಯ ಮೇಲೆ ದೆಲ್ಫಿನಾ ಅಂಗೈಯಿಟ್ಟು ನಿಂತಳು. ಕೊನೆಗೆ, “ಎತ್ತಿ,” ಎಂದಳು. ಇಬ್ಬರು ಸೋದರಮಾವಂದಿರು, ಒಬ್ಬ ಅಳಿಯ. ಸೆಗುಂದೊ ನಾಲ್ಕನೆಯ ಮೂಲೆಗೆ ಹೆಗಲು ಕೊಡಲು ಬಂದಾಗ ಅವಳು ಅವನ ತೋಳು ಹಿಡಿದಳು.

“ನೀನು ಬೇಡಣ್ಣ. ಗುಡ್ಡದಲ್ಲಿ ಗುಂಡಿ ತೋಡಿದೋರಿಗೆ ಚಿಚಾ ಕೊಡದೆ ಹೆಣ ಇಳಿಸಲ್ಲ. ನಿನಗೆ ಆಗಲ್ಲ.”

“ಮೂರು ಹೆಗಲಲ್ಲಿ ಹೆಣ ಹೋಗುತ್ತಾ?”

ಪೆಟ್ಟಿಗೆ ಕಮರಿಗಿಳಿಯಿತು. ಹಿಂದೆ ಬಂದವರು ಕೆಲವರೇ. ಅವರಲ್ಲಿ ಪೆತ್ರೋನಾಳ ನಾದಿನಿಯೂ ಇದ್ದಳು. ಎಲ್ಲಿಗೆ ಎಂದು ಪೆತ್ರೋನಾ ಕೇಳಿದ್ದಕ್ಕೆ, “ಮಾಟಗಾರ ಇದಾನೋ ಇಲ್ವೋ ಕಣ್ಣಾರೆ ನೋಡ್ಕೊಂಡು ಬರ್ತೀನಿ,” ಎಂದಿದ್ದಳು.

ಏರು ಹತ್ತುವಾಗ ಗಾಳಿ ಎದುರಾಯಿತು. ಹುಳಿ ವಾಸನೆ ಮೊದಲು ಬಂತು, ಗುಡ್ಡದ ಜನ ಆಮೇಲೆ ಕಂಡರು. ಸೆಗುಂದೊನ ಹೆಜ್ಜೆ ತಡವರಿಸಿತು, ಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿತು. ರುಫಿನಾ ಬಿರಬಿರನೆ ಮುಂದೆ ನಡೆದು ಹೋಗಿ, ಗುಂಡಿಯ ಬಳಿ ನಿಂತಿದ್ದವರಲ್ಲಿ ಮುದುಕನೊಬ್ಬನ ಕಿವಿಯಲ್ಲಿ ಏನೋ ಹೇಳಿದಳು. ಅವನು ತಿರುಗಿ ಸೆಗುಂದೊನನ್ನು ಅನುಮಾನದಿಂದಲೇ ನೋಡಿದ. ಸಭೆಯವನು. ಇವರ ಗುಡಿಗೆ ಉಗುಳುವ ಊರಿನವನು.

“ಬಾಲ್ತಸಾರ ಹೇಳ್ತಿದ್ದೋನು ಇವನೇನಾ?”

“ಇವನೇ.”

ಮುದುಕ ಕೈ ಬೀಸಿದ. ಇಬ್ಬರು ಚಿಚಾ ಗಡಿಗೆಗೆ ಶಾಲು ಬಿಗಿದು, ವಾಸನೆ ಇತ್ತ ಬರದ ಕಡೆಗೆ, ದಿನ್ನೆಯ ಹಿಂದಕ್ಕೆ ಹೊತ್ತು ನಡೆದರು. ಉಳಿದವರು ಮುಂಜಾನೆಯಿಂದ ಅಗೆದವರು, ತುಟಿ ಒಣಗಿ ಬಿರಿದವರು. ಒಬ್ಬೊಬ್ಬರಾಗಿ ತೊರೆಗಿಳಿದು ಬೊಗಸೆಯಲ್ಲಿ ತಣ್ಣೀರು ಕುಡಿದು ಬಂದು ಹಗ್ಗ ಹಿಡಿದರು. ಹಸಿ ಮಣ್ಣಿನ ದಂಡೆಯ ಮೇಲೆ ಅವರ ಸೋರೆಬುರುಡೆಯ ಬಟ್ಟಲುಗಳು ಸಾಲಾಗಿ ಬೋರಲು ಮಲಗಿದ್ದವು.